ಇಪ್ಪತ್ತು ಗಜದ ಚುಕ್ಕೆ

ಟಪೋಲಾ, ಮೇಲಿನ ಮಿಷಿಗನ್
ಅಕ್ಟೋಬರ್ 4, ಶನಿವಾರ, ಬೆಳಿಗ್ಗೆ ಹತ್ತೂವರೆ

ಮುದ್ದು ಕೈಸಾ,

ನಿನ್ನ ಕಾಗದ ಬಂದು ಏಳು ವಾರವಾಯಿತು. ಅಮ್ಮ ಉತ್ತರ ಬರೆಯಲಿಲ್ಲ ಎಂದು ಬೇಜಾರಾಗಿರುತ್ತದೆ, ನ್ಯಾಯವೇ. ಬೆನ್ನುನೋವಿತ್ತು, ಆಲೂಗಡ್ಡೆ ಕೀಳುವ ಕೆಲಸವಿತ್ತು ಎಂದೆಲ್ಲ ಹೇಳಬಹುದು. ಎರಡೂ ಇದ್ದವು, ಆದರೆ ಕಾರಣ ಅದಲ್ಲ. ನೀನು ಹವಾಮಾನದ ಬಗ್ಗೆ ಎರಡು ಪುಟ ಬರೆದು, ಕೊನೆಗೆ ಒಂದೇ ಸಾಲು ಕೇಳಿದ್ದೆ: "ಅವನು ಇನ್ನೂ ಅಲ್ಲೇ ಇದ್ದಾನಾ?" ಆ ಸಾಲಿಗೆ ಉತ್ತರ ಕೊಡಲು ಹೆದರಿಕೆಯಾಯಿತು.

ನೀನು ಹೇಗಿದ್ದೀ? ಇಪ್ಪತ್ತೆರಡು ಜನರಿಗೆ ಮೂರು ಹೊತ್ತು ಬೇಯಿಸಿ ಹಾಕುವವಳು ತಾನು ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ಎನ್ನುವುದು ನನ್ನ ಯೋಚನೆ. ನಿಮ್ಮ ಹಡಗು ಅದಿರು ತುಂಬಲು ಡುಲೂತ್ ಬಂದರಿಗೆ ಬಂದಾಗ ಈ ಕಾಗದ ನಿನ್ನ ಕೈಸೇರುತ್ತದೆ. ಜೊತೆಗೆ ಏಲಕ್ಕಿ ಬ್ರೆಡ್ಡು ಕಳಿಸುತ್ತಿದ್ದೇನೆ. ಒಣಗಿದ್ದರೆ ಕಾಫಿಯಲ್ಲಿ ಅದ್ದಿ ತಿನ್ನು.

ಉತ್ತರ ಇದು: ಇದ್ದಾನೆ. ನಿನ್ನ ಆರ್ನೆ ಮಾವ ಇಲ್ಲೇ ಇದ್ದಾನೆ. ಆದರೆ ಈ ಹೊತ್ತಿನಲ್ಲಿ ಮನೆಯಲ್ಲಿಲ್ಲ. ಬೆಳಿಗ್ಗೆ ಆರಕ್ಕೆ ನಮ್ಮ ಹಿಂದಿನ ಕಾಡಿಗೆ ಹೋದವನು ಹತ್ತಕ್ಕೆ ಬರುತ್ತೇನೆ ಎಂದಿದ್ದ. ಹತ್ತೂವರೆಯಾಯಿತು. ಬೇಟೆಗೆ ಹೋಗಿದ್ದಾನೆ, ಕೈಸಾ. ಕಾಗದ ಮುದುರಿ ನೀರಿಗೆ ಎಸೆಯಬೇಡ, ಪೂರ್ತಿ ಓದು. ನಾನು ಮೂರು ಸಲ ಕಾಫಿ ಕಾಯಿಸಿ ಮೂರು ಸಲವೂ ಕುಡಿಯದೆ ಚೆಲ್ಲಿದ್ದೇನೆ. ಕೈ ಸುಮ್ಮನಿರಲಿ ಎಂದು ಪೆನ್ನು ಹಿಡಿದೆ. ನಾನು ಮೊದಲಿಂದಲೂ ಪುಕ್ಕಲಿ. ಸಿಡಿಲು ಬಂದರೆ ನೆಲಮಾಳಿಗೆಗೆ ಓಡುತ್ತಿದ್ದೆನೆಂದು ನಿಮ್ಮಪ್ಪ ಎಷ್ಟು ನಗುತ್ತಿದ್ದರು.

ಈ ಆರು ವರ್ಷ ನಾವಿಬ್ಬರೂ ಆ ದಿನದ ಮಾತನ್ನು ಬಾಯಿಬಿಟ್ಟು ಆಡಿಲ್ಲ. ಇವತ್ತು ಬರೆದೇಬಿಡುತ್ತೇನೆ. ನವೆಂಬರ್ ಹದಿನೈದು, ಬಂದೂಕಿನ ಬೇಟೆ ಶುರುವಾಗುವ ದಿನ. ನಿಮ್ಮಪ್ಪ ಮತ್ತು ಆರ್ನೆ, ಭಾವ-ಭಾವಮೈದುನ ಇಬ್ಬರೇ ಹೋಗಿದ್ದರು. ನಿಮ್ಮಪ್ಪ ತಮ್ಮ ಜಾಗ ಬಿಟ್ಟು ಹಳ್ಳದ ಕಡೆ ಬಂದರು. ನೂರಮೂವತ್ತು ಗಜ ದೂರದ ಪೊದೆಯಲ್ಲಿ ಕಂದು ಬಣ್ಣ ಅಲುಗಿತು, ಆರ್ನೆ ಗುಂಡು ಹೊಡೆದ. ಹೊಡೆದ ಮೇಲೆ ನಮ್ಮವರೆಲ್ಲ ಮಾಡುವ ಹಾಗೆ ಅರ್ಧ ಗಂಟೆ ಕಾದ. ಗಾಯಗೊಂಡ ಜಿಂಕೆಯನ್ನು ಕೂಡಲೇ ಅಟ್ಟಿಸಿಕೊಂಡು ಹೋದರೆ ಅದು ಮೈಲಿಗಟ್ಟಲೆ ಓಡುತ್ತದೆ, ಕಾದರೆ ಅಲ್ಲೇ ಮಲಗುತ್ತದೆ ಎಂದು ನನ್ನ ಅಪ್ಪನೇ ಅವನಿಗೆ ಕಲಿಸಿದ್ದರು. ಮರಕ್ಕೆ ಒರಗಿ ಫ್ಲಾಸ್ಕಿನ ಕಾಫಿ ಕುಡಿದ. ಬೇಗ ಹೋಗಿದ್ದರೆ ರಕ್ತ ನಿಲ್ಲಿಸಬಹುದಿತ್ತು ಎಂದು ಡಾಕ್ಟರು ಕೋರ್ಟಿನಲ್ಲಿ ಹೇಳಿದಾಗ ನೀನು ನನ್ನ ಪಕ್ಕದಲ್ಲೇ ಕುಳಿತಿದ್ದೆ. ನನ್ನ ಕೈಯಿಂದ ನಿನ್ನ ಕೈ ಬಿಡಿಸಿಕೊಂಡೆ. ಆ ಕಾಫಿ ಕುಡಿದದ್ದಕ್ಕೆ ನೀನು ಅವನನ್ನು ಯಾವತ್ತೂ ಕ್ಷಮಿಸಲಾರೆ ಎಂದು ನನಗೆ ಗೊತ್ತು.

ಅವನು ಒಂದು ವರ್ಷ ಜೈಲಿನಲ್ಲಿದ್ದ. ಬಂದೂಕು ಈ ಜನ್ಮದಲ್ಲಿ ಮುಟ್ಟುವಂತಿಲ್ಲ. ಬೇಟೆಯ ಪರ್ಮಿಟ್ಟು ಐದು ವರ್ಷ ರದ್ದಾಗಿತ್ತು, ಆ ಅವಧಿ ಈ ಬೇಸಿಗೆಗೆ ಮುಗಿಯಿತು. ಬಿಲ್ಲಿಗೆ ಅಡ್ಡಿಯಿಲ್ಲ.

ಮಾರ್ಚಿನಲ್ಲಿ ಹಿಮ ಕುಸಿದು ಅವನ ಟ್ರೈಲರ್ ಮನೆಯ ಸೂರು ಮುರಿದಾಗ ನಾನೇ ಕರೆದುಕೊಂಡು ಬಂದೆ. ನಿನ್ನನ್ನು ಕೇಳಲಿಲ್ಲ, ಕೇಳಿದರೆ ಬೇಡ ಅನ್ನುತ್ತಿದ್ದೆ. ಬಂದವನು ನಿಮ್ಮಪ್ಪನ ಕುರ್ಚಿಯಲ್ಲಿ ಒಂದು ದಿನವೂ ಕುಳಿತಿಲ್ಲ. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕುಳಿತು ಉಣ್ಣುತ್ತಾನೆ.

ಜುಲೈಯಲ್ಲಿ ಒಂದು ದಿನ ಮಧ್ಯಾಹ್ನ ಮಾಂಸ ತುಂಬಿದ ಪಾಸ್ತಿ ಕಡುಬು ತಿನ್ನುತ್ತಾ ಕೇಳಿದ, "ಅಕ್ಕ, ಅಂಗಡಿ ಮಾಂಸ ತರೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತು?"

"ಆರಾಗತ್ತೆ," ಅಂದೆ.

ತಟ್ಟೆ ತೊಳೆದಿಟ್ಟು ಹೊರಗೆ ಹೋದ. ಒಂದು ವಾರ ಬಿಟ್ಟು ಮತ್ತೆ ಹೇಳಿದ, "ಬಿಲ್ಲು ತಗೋಬೇಕು ಅಂತಿದ್ದೀನಿ. ಫ್ರೀಜರ್ ಒಂದ್ಸಲ ತುಂಬಿಸಿಕೊಡ್ತೀನಿ. ಆಮೇಲೆ ನೀನು ಹೋಗು ಅಂದ್ರೆ ಹೋಗ್ತೀನಿ."

ಎಲ್ಲಿಗೆ ಹೋಗುತ್ತಾನೆ? ಇನ್ನೊಬ್ಬರಿಗೆ ಏನಾದರೂ ಮಾಡಿಬಿಟ್ಟಾನು ಎಂಬ ಹೆದರಿಕೆ ಒಂದು ಕಡೆ, ತನಗೇ ಏನಾದರೂ ಮಾಡಿಕೊಂಡಾನು ಎಂಬ ಹೆದರಿಕೆ ಇನ್ನೊಂದು ಕಡೆ. ಬೇಡ ಎನ್ನಲೂ ಭಯ, ಹೂಂ ಎನ್ನಲೂ ಭಯ. ಒಬ್ಬನನ್ನೇ ಕಳಿಸಲು ಧೈರ್ಯವಾಗದೆ ಅಂಗಡಿಗೆ ನಾನೂ ಹೋದೆ.

ಪೆಟ್ರೋಲ್ ಬಂಕಿನ ಹಿಂದೆ ಬಿಲ್ಲುಬಾಣದ ಅಂಗಡಿ ಇಟ್ಟಿರುವ ಬೊಜ್ಜಿನ ಲೈಲ್ ನಿನಗೆ ನೆನಪಿರಬೇಕು. ನಾವು ಒಳಗೆ ಕಾಲಿಟ್ಟದ್ದೇ ಅಲ್ಲಿದ್ದ ಇಬ್ಬರು ಗಿರಾಕಿಗಳು ಟೋಪಿ ಹಾಕಿಕೊಂಡು ಹೊರಟುಹೋದರು. ಲೈಲ್ ಅವರನ್ನು ಕೂಗಿ ಕರೆಯಲಿಲ್ಲ.

"ಏನಯ್ಯಾ ಆರ್ನೆ, ದಾರಿ ತಪ್ಪಿ ಬಂದ್ಯಾ?"

"ಇಲ್ಲ. ಬಿಲ್ಲು ಬೇಕಿತ್ತು."

ಲೈಲ್ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಮೊದಲು ಒಂದು ದುಬಾರಿ ಬಿಲ್ಲನ್ನು ಇಳಿಸಿದ. "ಇದು ಬೆಂಕಿ ಕಣೋ. ಐವತ್ತು ಗಜಕ್ಕೂ ಬಾಣ ಗೆರೆ ಎಳ್ದಂಗೆ ಹೋಗತ್ತೆ."

"ದೂರದ್ದು ಬೇಡ," ಅಂದ ಆರ್ನೆ.

ಎರಡನೆಯದು ಅರವತ್ತೈದು ಪೌಂಡಿನ ಎಳೆತದ್ದು, ಆ ಭಾರ ಕಡಿಮೆ ಮಾಡಲು ಬರುವುದಿಲ್ಲ. ಮರದ ಮಿಲ್ಲಿನಲ್ಲಿ ಭುಜ ಮುರಿದುಕೊಂಡಿದ್ದನಲ್ಲ, ಅರ್ಧ ಎಳೆಯುವಷ್ಟರಲ್ಲಿ ಅವನ ಕೈ ಗಡಗಡ ನಡುಗಿತು. ಆಗ ಲೈಲ್ ಮೂಲೆಯಿಂದ ಸಾದಾ ಕಪ್ಪು ಬಿಲ್ಲೊಂದನ್ನು ತಂದ. ಎರಡು ತುದಿಗೂ ಗಾಲಿ, ಗಾಲಿಯಿಂದ ಗಾಲಿಗೆ ದಾರ, ಎಲ್ಲ ಕಾಂಪೌಂಡ್ ಬಿಲ್ಲುಗಳ ಹಾಗೇ.

"ಇದು ಹೊಂದಿಸ್ಕೊಳ್ಳೋ ಬಿಲ್ಲು. ಹತ್ತು ಪೌಂಡಿಂದ ಎಪ್ಪತ್ತರವರೆಗೆ ಎಷ್ಟು ಬೇಕೋ ಅಷ್ಟಕ್ಕೆ ಇಟ್ಕೋ. ಉದ್ದ ಕೈಗೂ ಆಗತ್ತೆ, ಗಿಡ್ಡ ಕೈಗೂ ಆಗತ್ತೆ. ಬೋಲ್ಟು ತಿರುಗಿಸೋ ಅಲೆನ್ ಕೀ ಒಂದಿದ್ರೆ ಸಾಕು. ಮಕ್ಕಳ ಬಿಲ್ಲು ಅಂತ ನಗ್ತಾರೆ ಕೆಲವರು, ನಗ್ಲಿ. ನಿನ್ನ ಭುಜಕ್ಕೆ ನಲವತ್ತೈದು ಇಡೋಣ. ಬೇಕಾದ್ರೆ ನಿಮ್ಮಕ್ಕನೂ ಹೊಡೀಬಹುದು."

"ನಾನಾ? ನನಗೆ ಸೊಳ್ಳೆ ಹೊಡಿಯೋಕೂ ಬರಲ್ಲ," ಅಂದೆ. ಆದರೂ ಲೈಲ್ ನನ್ನ ಎರಡು ಕೈ ಚಾಚಿಸಿ ಅಳತೆ ತೆಗೆದ. ನಾನು ಪೆದ್ದಿಯ ಹಾಗೆ ಬರೀ ದಾರವನ್ನು ಎಳೆಯಹೋದೆ. ಅವನು ಹಾರಿ ಬಂದು ನನ್ನ ಮಣಿಕಟ್ಟು ಹಿಡಿದ. "ಬಾಣ ಇಲ್ದೆ ಎಳೆದು ಬಿಟ್ಟುಬಿಟ್ರೆ ಬಿಲ್ಲು ಸಿಡಿದು ಮುಖಕ್ಕೆ ಬರತ್ತೆ, ಐಲಿ."

ಹೊರಡುವ ಮುಂಚೆ ನಡೆದದ್ದನ್ನು ಬರೆಯಲೇಬೇಕು. ಬಿಲ್ಲಿನ ಮೇಲೆ ಗುರಿ ನೋಡಲು ಹೊಳೆಯುವ ಐದು ಚುಕ್ಕೆಗಳಿರುತ್ತವೆ. ಮೇಲಿನದು ಇಪ್ಪತ್ತು ಗಜಕ್ಕೆ, ಅದರ ಕೆಳಗಿನವು ಮೂವತ್ತು, ನಲವತ್ತು, ಹೀಗೆ. ಆರ್ನೆ ಹೇಳಿದ, "ಮೇಲಿಂದು ಒಂದೇ ಇರ್ಲಿ. ಉಳಿದ ನಾಲ್ಕೂ ಕಿತ್ತುಬಿಡು."

"ತಲೆ ಕೆಟ್ಟಿದ್ಯಾ? ಆಮೇಲೆ ಬೇಕು ಅಂತ ಬರ್ತೀಯ."

"ಬರಲ್ಲ. ಇಪ್ಪತ್ತು ಗಜದ ಆಚೆ ನನಗೆ ಗುರೀನೇ ಸಿಗಬಾರದು, ಲೈಲ್. ಎರಡು ಕಣ್ಣೂ ಕಾಣೋಷ್ಟು ಹತ್ರ ಬಂದ್ರೆ ಮಾತ್ರ."

ಲೈಲ್ ನಾಲ್ಕು ಚುಕ್ಕೆ ಬಿಚ್ಚಿದ. ಬಿಚ್ಚಿದ್ದನ್ನು ಒಂದು ಕವರಿನಲ್ಲಿ ಹಾಕಿ ಕೊಡಲು ಬಂದಾಗ ಆರ್ನೆ ತೆಗೆದುಕೊಳ್ಳಲಿಲ್ಲ.

ಆಮೇಲೆ ದಿನಾ ಹಿತ್ತಲಲ್ಲಿ ಅಭ್ಯಾಸ. ಸೌನಾ ಸ್ನಾನದ ಮನೆಯ ಹಿಂದೆ ಹುಲ್ಲಿನ ಪಿಂಡಿ ಪೇರಿಸಿ, ಇಪ್ಪತ್ತು ಗಜ ಅಳೆದು, ಅಲ್ಲೊಂದು ಗೂಟ ಹೊಡೆದ. ಬೆಳಿಗ್ಗೆ ಅವನು. ಸಂಜೆ ನಾನು, ಬೇಡ ಬೇಡ ಅಂದರೂ. ನನಗಾಗಿ ಮೇಲಿನ ಬೋಲ್ಟು ಇಷ್ಟು ಸುತ್ತು, ಕೆಳಗಿನದೂ ಅಷ್ಟೇ ಸುತ್ತು ಎಂದು ಗಟ್ಟಿಯಾಗಿ ಎಣಿಸುತ್ತಾ ಸಡಿಲ ಮಾಡುತ್ತಿದ್ದ. ಬೆಳಿಗ್ಗೆ ಮತ್ತೆ ಎಣಿಸಿ ಬಿಗಿ ಮಾಡುತ್ತಿದ್ದ. ಎಣಿಕೆ ತಪ್ಪಿಬಿಟ್ಟರೆ ಎಂದು ನಾನು ಅಡುಗೆಮನೆ ಕಿಟಕಿಯಲ್ಲಿ ನಿಂತು ಅವನ ಜೊತೆ ಎಣಿಸುತ್ತಿದ್ದೆ.

ಈ ಬಿಲ್ಲಿನ ಒಂದು ಗುಣ ಇದೆ, ಕೈಸಾ. ಮೊದಲು ಎಳೆಯುವಾಗ ಭಾರ. ಪೂರ್ತಿ ಎಳೆದ ಮೇಲೆ ಗಾಲಿ ತಿರುಗಿ ಭಾರ ಇಳಿದುಬಿಡುತ್ತದೆ, ಹಾಗೇ ಹಿಡಿದು ನಿಲ್ಲಬಹುದು. "ಬಂದೂಕಲ್ಲಿ ಬೆರಳು ಆಡಿದ್ರೆ ಮುಗೀತು, ಅಕ್ಕ," ಅಂದ. "ಇದನ್ನ ಹಿಡ್ಕೊಂಡು ಯೋಚ್ನೆ ಮಾಡಬಹುದು. ಬೇಡ ಅನ್ಸಿದ್ರೆ ವಾಪಸ್ ತರಬಹುದು." ಹಾಗೆ ವಾಪಸ್ ತರುವಾಗ ಬಿಲ್ಲು ನನ್ನನ್ನು ಒಂದು ಹೆಜ್ಜೆ ಮುಂದಕ್ಕೆ ಜಗ್ಗಿತು, ನಾನು ಕಿರುಚಿಕೊಂಡೆ. ಅವನು ನಕ್ಕ. ಆರು ವರ್ಷದಲ್ಲಿ ಅವನ ನಗು ಕೇಳಿದ್ದು ಅದೇ ಮೊದಲು. ಆ ನಗು ಕೇಳಿಯೂ ನನಗೆ ಭಯವಾಯಿತು, ಯಾಕೆಂದು ಕೇಳಬೇಡ.

ಇವತ್ತು ಬೆಳಿಗ್ಗೆ ಹಸಿರು ಸ್ವೆಟರು ಹಾಕಿಕೊಂಡು ಹೊರಟಿದ್ದ. ಬಿಲ್ಲಿನ ಬೇಟೆಯ ದಿನಗಳಲ್ಲಿ, ದೂರದಿಂದಲೇ ಮನುಷ್ಯನೆಂದು ಗೊತ್ತಾಗುವ ಕಿತ್ತಳೆ ಕೋಟು ಕಡ್ಡಾಯವಲ್ಲ, ಬಂದೂಕಿನವರಿಗೆ ಮಾತ್ರ. ನನ್ನಿಂದ ನೋಡಲಾಗಲಿಲ್ಲ. ಪೆಟ್ಟಿಗೆ ತೆಗೆದು ನಿಮ್ಮಪ್ಪನ ಕಿತ್ತಳೆ ಕೋಟು ತಂದು ಚಾಚಿದೆ. ಅದರ ತೋಳುಗಳನ್ನು ಸ್ವಲ್ಪ ಹೊತ್ತು ನೋಡಿ, ಒಂದೇ ಒಂದು ಮಾತು ಹೇಳಿ, ಹಾಕಿಕೊಂಡು ಹೋದ. ಆ ಮಾತನ್ನು ಧೈರ್ಯ ಬಂದರೆ ಕೊನೆಯಲ್ಲಿ ಬರೆಯುತ್ತೇನೆ.

ಹನ್ನೆರಡೂ ಇಪ್ಪತ್ತು. ಬಂದಿಲ್ಲ. ಈಗ ತಾನೆ ಕೊಟ್ಟಿಗೆಗೆ ಹೋಗಿ ನೋಡಿದೆ. ಮೊಳೆಯಲ್ಲಿ ಹಗ್ಗ ಇಲ್ಲ. ಹೊಡೆದ ಜಿಂಕೆಯನ್ನು ಎಳೆದು ತರಲು ಎಲ್ಲರೂ ಹಗ್ಗ ಒಯ್ಯುತ್ತಾರೆ, ನಿಮ್ಮಪ್ಪನೂ ಒಯ್ಯುತ್ತಿದ್ದರು. ಅಷ್ಟೂ ಗೊತ್ತು ನನಗೆ. ಆದರೂ ಆ ಬರೀ ಮೊಳೆ ನೋಡಿ ಅಲ್ಲೇ ಬಕೆಟ್ಟಿನ ಮೇಲೆ ಕುಳಿತುಬಿಟ್ಟೆ. ಕಾಡಿಗೆ ಹೋಗಿ ಹುಡುಕೋಣವೆಂದರೆ ಕಾಲು ಬರುತ್ತಿಲ್ಲ. ಹೋಗಿ ಏನನ್ನು ನೋಡಬೇಕಾಗುತ್ತದೋ. ಒಂದು ಸಲ ನೋಡಿದ್ದೇನಲ್ಲ, ಸಾಲದೇ? ದೇವರೇ, ಒಂದು ಹೆಜ್ಜೆ ಸಪ್ಪಳ ಕೇಳಿಸು.

ಅದೇ ದಿನ, ಸಂಜೆ ಐದು

ಪೆನ್ನು ಅಲ್ಲೇ ಬಿಟ್ಟು ಎದ್ದಿದ್ದೆ. ಒಂದು ಗಂಟೆಗೆ ಬಂದ. ಕೈಯಲ್ಲಿ ಬಿಲ್ಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತ, ತುಟಿಗಳಲ್ಲಿ ರಕ್ತವೇ ಇರಲಿಲ್ಲ.

"ಅಕ್ಕ, ಸ್ವಲ್ಪ ಬಾ."

"ಏನಾಯ್ತೋ?"

"ಹೊಡೆದೆ."

"ಏನನ್ನ?" ಅವನ ತೋಳು ಹಿಡಿದೆ. "ಆರ್ನೆ, ಏನನ್ನ ಹೊಡೆದೆ?"

"ಜಿಂಕೆ. ಹೆಣ್ಣು. ಹದಿನೆಂಟು ಗಜ. ಎಳೆದು ಹಿಡ್ಕೊಂಡೇ ನೋಡಿದೆ. ಎರಡು ಕಣ್ಣೂ ಕಂಡ್ವು. ಒಂಬತ್ತೂವರೆಗೆ ಹೊಡೆದೆ."

"ಒಂಬತ್ತೂವರೆಗಾ? ಈಗ ಒಂದು ಗಂಟೆ ಕಣೋ."

"ಅರ್ಧ ಗಂಟೆ ಕಾದೆ. ಆಮೇಲೆ ಏಳೋಕಾಗ್ಲಿಲ್ಲ." ಚೌಕಟ್ಟು ಬಿಡದೆ ಹೇಳಿದ. "ಜಿಂಕೇನೇ ಅಂತ ನೋಡಿದ್ದೀನಿ, ಅಕ್ಕ. ಆದ್ರೆ ಹೋಗಿ ನೋಡೋಕೆ ಧೈರ್ಯ ಇಲ್ಲ. ನೀನು ನೋಡು."

ಪುಕ್ಕಲಿ ಮುಂದೆ, ಅವನು ಹಿಂದೆ. ಸೀಡರ್ ಮರದ ಬುಡದಲ್ಲಿ ಅವನು ಕುಳಿತಿದ್ದ ಜಾಗ ತೋರಿಸಿದ. ಅಲ್ಲಿಂದ ಹದಿನೆಂಟು ಗಜದಾಚೆ ಒಣಗಿದ ಜರೀಗಿಡಗಳ ಮೇಲೆ ರಕ್ತದ ಹನಿಗಳು. ಒಂದೊಂದು ಹನಿ ಹುಡುಕುತ್ತಾ ನಡೆದೆ. ತಲೆಯಲ್ಲಿ ಯಾರ್‍ಯಾರೋ ಬಂದು ಹೋಗುತ್ತಿದ್ದರು. ಅಣಬೆ ಆರಿಸಲು ಬರುವ ಪಕ್ಕದ ಮನೆ ಮುದುಕಿ. ಕರೆಂಟಿನ ಮೀಟರು ನೋಡುವವನು. ಕೊನೆಗೆ ನೀನೂ ಬಂದೆ. ಹೇಳದೆ ಕೇಳದೆ ಹಡಗಿಳಿದು, ಹಿಂದಿನ ಕಾಲುದಾರಿಯಲ್ಲಿ ಮನೆಗೆ ಬರುತ್ತಿದ್ದೆಯೇನೋ ಎಂದು. ನಿನಗೆ ಕಂದು ಬಣ್ಣದ ಜಾಕೆಟ್ಟು ಇದೆಯಾ ಎಂದು ನೆನಪು ಮಾಡಿಕೊಳ್ಳುತ್ತಾ ನಡೆದೆ. ಹುಚ್ಚು, ಗೊತ್ತು.

ಅರವತ್ತು ಹೆಜ್ಜೆಯಾಚೆ ಜರೀಗಿಡಗಳ ನಡುವೆ ಕಂದು ಬಣ್ಣ ಕಂಡಿತು. ನಿಂತುಬಿಟ್ಟೆ. ಹಿಂದೆ ಅವನೂ ನಿಂತ.

"ಏನದು?" ಅಂದ.

ನಾಲ್ಕು ಹೆಜ್ಜೆ ಹೋದೆ. ಒಂದು ಕಿವಿ ಕಾಣಿಸಿತು. "ಜಿಂಕೆ, ಆರ್ನೆ."

"ಸರಿಯಾಗಿ ನೋಡು."

"ಕಿವಿ ಇದೆ. ಗೊರಸಿದೆ. ಬಾಲ ಇದೆ."

"ಇನ್ನೊಂದ್ಸಲ ನೋಡು, ಅಕ್ಕ."

ಮಂಡಿಯೂರಿ ಅದರ ಕತ್ತಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು. "ಜಿಂಕೆ ಕಣೋ. ಜಿಂಕೇನೇ."

ಆಗ ಬಂದ. ಬಂದು ಅದರ ಪಕ್ಕ ಕುಳಿತು ಅತ್ತ. ಐವತ್ತೆಂಟು ವರ್ಷದ ಗಂಡಸು, ನಿಮ್ಮಪ್ಪನ ಕೋಟು ಹಾಕಿಕೊಂಡು, ಮೂಗು ಒರೆಸಿಕೊಳ್ಳದೆ ಅತ್ತ. ನಾನು ಸಮಾಧಾನ ಮಾಡಲಿಲ್ಲ. ಮಾಡಿದರೆ ನಾನೂ ಶುರು ಮಾಡುತ್ತಿದ್ದೆ, ಇಬ್ಬರೂ ಅಲ್ಲೇ ಇರುತ್ತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅವನೇ ಎದ್ದು ಹಗ್ಗ ಬಿಚ್ಚಿದ. ಇಬ್ಬರೂ ಸೇರಿ ಎಳೆದು ತಂದೆವು.

ಈಗ ಜಿಂಕೆ ಕೊಟ್ಟಿಗೆಯಲ್ಲಿ ನೇತಾಡುತ್ತಿದೆ. ಶನಿವಾರದ ಸ್ನಾನವಲ್ಲವೇ, ಅವನು ಸೌನಾದ ಒಲೆಗೆ ಬೆಂಕಿ ಹಾಕಿ ಒಳಗೆ ಕೂತಿದ್ದಾನೆ, ಕಾದ ಕಲ್ಲಿನ ಮೇಲೆ ನೀರು ಹಾಕುವ ಸದ್ದು ಇಲ್ಲಿಗೆ ಕೇಳಿಸುತ್ತಿದೆ. ನಾನು ಈರುಳ್ಳಿ ಹೆಚ್ಚಿಟ್ಟಿದ್ದೇನೆ, ಲಿವರ್ ಹುರಿಯಬೇಕು.

ಜನವರಿಯಲ್ಲಿ ಸರೋವರ ಹೆಪ್ಪುಗಟ್ಟಿ ಹಡಗು ನಿಂತ ಮೇಲೆ ನೀನು ಎಲ್ಲಿರುತ್ತೀಯೆಂದು ಬರೆದಿಲ್ಲ. ಮನೆಗೆ ಬಾ. ನೀನು ಬಂದರೆ, ಇರುವಷ್ಟು ದಿನ ತಾನು ಲೈಲ್‌ನ ಅಂಗಡಿ ಅಟ್ಟದಲ್ಲಿ ಮಲಗುತ್ತೇನೆಂದು ಆರ್ನೆ ತಾನಾಗಿಯೇ ಹೇಳಿದ್ದಾನೆ. ನನಗೆ ಅದು ಇಷ್ಟವಿಲ್ಲ. ಆದರೆ ನಿನ್ನನ್ನು ನೋಡದೆ ಇನ್ನೊಂದು ಚಳಿಗಾಲ ಕಳೆಯುವುದು ಅದಕ್ಕಿಂತಲೂ ಇಷ್ಟವಿಲ್ಲ. ಬಿರುಗಾಳಿ ಬಂದಾಗ ಡೆಕ್ಕಿನ ಮೇಲೆ ಓಡಾಡಬೇಡ. ದೇವರು ನಿನ್ನ ಕಾಲ ಕೆಳಗಿನ ಹಲಗೆಯನ್ನು ಗಟ್ಟಿಯಾಗಿಟ್ಟಿರಲಿ, ಮಗಳೇ. ಬಿಸಿಯಾಗಿ ಉಣ್ಣು, ಬೆಚ್ಚಗೆ ಮಲಗು.

ನಿನ್ನ ಅಮ್ಮ,
ಐಲಿ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿದ್ದೇನೆ. ಕೋಟು ಕೊಟ್ಟಾಗ ಆರ್ನೆ ಹೇಳಿದ ಮಾತು: "ಇದು ಅವತ್ತು ತಂತಿ ಮೇಲಿತ್ತು, ಅಲ್ವಾ ಅಕ್ಕ."

ಸತ್ತವರು ಕಿತ್ತಳೆ ಕೋಟು ಯಾಕೆ ಹಾಕಿರಲಿಲ್ಲ ಎಂದು ಕೋರ್ಟಿನಲ್ಲಿ ವಕೀಲರು ಕೇಳಿದ್ದು ನಿನಗೆ ನೆನಪಿದೆ. ತಪ್ಪನ್ನು ನನ್ನಪ್ಪನ ಮೇಲೆ ಹಾಕುತ್ತೀರಾ ಎಂದು ನೀನು ಎದ್ದುನಿಂತು ಕೂಗಿದೆ. ಆರ್ನೆ ಗೊತ್ತಿಲ್ಲ ಎಂದ. ಅವನಿಗೆ ಗೊತ್ತಿತ್ತು. ಆ ಬೆಳಿಗ್ಗೆ ನಿಮ್ಮಪ್ಪನನ್ನು ಕರೆಯಲು ಬಂದವನು ನಮ್ಮ ವರಾಂಡದಲ್ಲೇ ನಿಂತು ಕಾಫಿ ಕುಡಿದಿದ್ದ. ಹೇಳಿದ್ದರೆ ಅವನ ಶಿಕ್ಷೆ ಕಡಿಮೆಯಾಗುತ್ತಿತ್ತೋ ಏನೋ. ಹೇಳಲಿಲ್ಲ. ನಾನು ಎರಡನೇ ಸಾಲಿನಲ್ಲಿ ಕುಳಿತಿದ್ದೆ, ನಾನೂ ಹೇಳಲಿಲ್ಲ.

ಹಿಂದಿನ ದಿನ ಕೋಟು ಡೀಸೆಲ್ ನಾರುತ್ತಿತ್ತು. ಜಿಂಕೆಗೆ ವಾಸನೆ ಹತ್ತುತ್ತದೆಂದು, ಯಾರೂ ಹೇಳದೆ, ನಾನೇ ಅಡುಗೆ ಸೋಡಾದಲ್ಲಿ ಒಗೆದು ವರಾಂಡದ ಬಟ್ಟೆ ತಂತಿಗೆ ಹಾಕಿದ್ದೆ. ಬೆಳಿಗ್ಗೆ ಮೈಯೆಲ್ಲ ಒಣಗಿತ್ತು, ತೋಳುಗಳು ಮಾತ್ರ ಒದ್ದೆಯಿದ್ದು ಹೆಪ್ಪುಗಟ್ಟಿದ್ದವು. ನೀನು ಆರು ವರ್ಷದಿಂದ ಅವನೊಬ್ಬನ ಮೇಲೆ ಇಟ್ಟಿರುವ ಸಿಟ್ಟಿನಲ್ಲಿ ನನಗೂ ಪಾಲಿದೆ. ಇದನ್ನು ಓದಿ ನೀನು ಏನು ಬರೆಯುತ್ತೀಯೋ, ಏನೂ ಬರೆಯುವುದೇ ಇಲ್ಲವೋ ಎಂಬ ಭಯಕ್ಕೆ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ನಿಮ್ಮಪ್ಪ ಅದನ್ನು ತಂತಿಯಿಂದ ತೆಗೆದರು, ಕೈಸಾ. ಒಂದು ತೋಳು ಹಾಕಿಯೂ ಆಗಿತ್ತು. ಶೀತ ಹಿಡಿಯುತ್ತೆ, ನಮ್ಮ ಕಾಡೇ ತಾನೆ, ಇರೋದು ನೀವಿಬ್ಬರೇ ಎಂದು ಹೇಳಿ ನಾನೇ ಬಿಚ್ಚಿಸಿದೆ.